ಏಳನೆಯ ಡಬ್ಬಿ

ಪಟ್ ಎಂದಿತು.

ಬೆರಳಿನ ನೆಟಿಕೆ ಮುರಿದಷ್ಟೇ ಸಣ್ಣ ಸದ್ದು. ಆದರೆ ಎಲ್ಲರೂ ಮಲಗಿದ್ದ ಆ ಸರಿರಾತ್ರಿಯಲ್ಲಿ, ತೆಳ್ಳಗಿದ್ದಾಳೆಂದು ಮನೆಯವರೆಲ್ಲ ‘ಕಡ್ಡಿ’ ಎನ್ನುತ್ತಿದ್ದ ಹುಡುಗಿಗೆ ಅದು ತಟ್ಟೆ ಬಿದ್ದಷ್ಟು ಜೋರಾಗಿ ಕೇಳಿಸಿತು. ಅವಳು ಉಸಿರು ಬಿಗಿಹಿಡಿದು ನಿಂತಳು. ಒಳಕೋಣೆಯಲ್ಲಿ ಅಪ್ಪನ ಗೊರಕೆ ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಅವಳು ಟಾರ್ಚನ್ನು ಕೈಯಲ್ಲಿದ್ದ ಡಬ್ಬಿಯ ಮೇಲೆ ಹಿಡಿದಳು. ಡಬ್ಬಿಗೆ ಬಿಗಿಯಾಗಿ ಹೊದಿಸಿದ್ದ ತೆಳ್ಳನೆಯ ಪ್ಲಾಸ್ಟಿಕ್ಕು ಮೂಲೆಯಿಂದ ನಡುವಿನವರೆಗೆ ಸೀಳಿಹೋಗಿತ್ತು. ಅವಳ ಹೆಬ್ಬೆರಳಿನ ಉಗುರು ಇನ್ನೂ ಆ ಸೀಳಿನಲ್ಲೇ ಇತ್ತು.

ಅದು ಏಳನೆಯ ಡಬ್ಬಿ. ಅದನ್ನು ಯಾರೂ ತೆಗೆಯುವಂತಿರಲಿಲ್ಲ.

ಅಪ್ಪನ ಹತ್ತಿರ ಒಂದೇ ಸಿನಿಮಾದ ಏಳು ಡಬ್ಬಿಗಳಿದ್ದವು. ಸಿನಿಮಾದ ಹೆಸರು ‘ತೇಲುವ ಅಡುಗೆಮನೆ’. ಒಂದು ಬೆಳಿಗ್ಗೆ ಒಂದು ಮನೆಯ ಅಡುಗೆಮನೆ ಮಾತ್ರ ಕಿತ್ತುಕೊಂಡು ಆಕಾಶಕ್ಕೆ ಹಾರುತ್ತದೆ. ಒಳಗೆ ಒಬ್ಬಳು ಅಜ್ಜಿ, ಇಬ್ಬರು ಅಣ್ಣತಮ್ಮಂದಿರು, ಮಾತಾಡುವ ಒಂದು ಕುಕ್ಕರು. ನಕ್ಷತ್ರಗಳ ನಡುವೆ ದಾರಿ ಹುಡುಕಿಕೊಂಡು ಅವರು ವಾಪಸು ಬರಬೇಕು. ಚಿಕ್ಕವರಿದ್ದಾಗ ಅಪ್ಪ ಮತ್ತು ದೊಡ್ಡಪ್ಪ ಅದನ್ನು ಎಷ್ಟು ಸಲ ನೋಡಿದ್ದರೆಂದರೆ, ಕ್ಯಾಸೆಟ್ಟಿನ ಟೇಪು ಸವೆದು ಅಜ್ಜಿಯ ಮುಖದ ಮೇಲೆ ಗೆರೆಗಳು ಓಡಾಡುತ್ತಿದ್ದವು.

ಆ ಕ್ಯಾಸೆಟ್ಟೇ ಮೊದಲನೆಯದು. ಆಮೇಲೆ ಡಿವಿಡಿಗಳು, ಕುಕ್ಕರಿನ ಆಕಾರದ ತಗಡಿನ ಡಬ್ಬಿ, ಸ್ಟೀಲಿನ ಡಬ್ಬಿ, ಹೀಗೆ ಒಂದೊಂದಾಗಿ ಕಪಾಟು ತುಂಬಿತು. ಏಳನೆಯದು ಇಪ್ಪತ್ತೈದನೇ ವರ್ಷದ ಸ್ಪೆಷಲ್ ಎಡಿಶನ್. ಥಿಯೇಟರಿನಲ್ಲಿ ತೋರಿಸದೆ ಬಿಟ್ಟಿದ್ದ ಆರು ನಿಮಿಷಗಳು ಅದರಲ್ಲಿ ಮಾತ್ರ ಇದ್ದವಂತೆ. ಮೂರು ವರ್ಷದ ಹಿಂದೆ ದೊಡ್ಡಪ್ಪ ಅದನ್ನು ದೂರದ ಒಂದು ಬಂದರಿನಿಂದ ಪಾರ್ಸೆಲ್ ಕಳಿಸಿದ್ದರು. ಅವರು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ಜೊತೆಗೊಂದು ಚೀಟಿ: ‘ನಾನು ಬರುವವರೆಗೆ ತೆಗೆಯಬೇಡ. ಇಬ್ಬರೂ ಒಟ್ಟಿಗೇ ನೋಡೋಣ.’

ಬರುತ್ತೇನೆ ಬರುತ್ತೇನೆ ಎನ್ನುತ್ತಲೇ ಮೂರು ವರ್ಷ ಕಳೆದಿತ್ತು. ಫೋನು ಮಾಡಿದಾಗಲೆಲ್ಲ ದೊಡ್ಡಪ್ಪ ‘ಹೇಗಿದ್ದೀಯ’ ಎಂದು ಕೇಳುತ್ತಿರಲಿಲ್ಲ. “ಡಬ್ಬಿ ಹೇಗಿದೆಯೋ?” ಎನ್ನುತ್ತಿದ್ದರು. “ಮುಟ್ಟಿಲ್ಲ ಅಣ್ಣ. ಮಾತು ಅಂದ್ರೆ ಮಾತು,” ಎನ್ನುತ್ತಿದ್ದರು ಅಪ್ಪ.

ಈಗ ದೊಡ್ಡಪ್ಪ ನಿಜವಾಗಿಯೂ ಬರುವವರಿದ್ದರು. ಈ ಭಾನುವಾರವೇ.

ಇಷ್ಟಕ್ಕೆಲ್ಲ ಕಾರಣ ಲಾಯರ್. ಅವಳು ಕಡ್ಡಿಯ ಬೆಂಚಿನವಳು. ಯಾವ ಮಾತು ಹೇಳಿದರೂ ವಾದಕ್ಕೆ ನಿಲ್ಲುವುದರಿಂದ ಕ್ಲಾಸಿನವರು ಅವಳಿಗಿಟ್ಟ ಹೆಸರು ಅದು. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಕೇಳಿದ್ದಳು: “ಮೂರು ವರ್ಷದಿಂದ ಯಾರೂ ತೆಗ್ದೇ ಇಲ್ಲ ಅಂದ್ರೆ, ಒಳಗೆ ಸಿನಿಮಾ ಇದೆ ಅನ್ನೋಕೆ ಸಾಕ್ಷಿ ಏನು?”

ಆ ಪ್ರಶ್ನೆ ಸಂಜೆಯೆಲ್ಲ ಕಡ್ಡಿಯ ತಲೆ ಕೊರೆಯಿತು. ಡಬ್ಬಿ ಖಾಲಿ ಇದ್ದರೆ? ಭಾನುವಾರ ಅಪ್ಪ, ದೊಡ್ಡಪ್ಪ ಇಬ್ಬರೂ ತೆಗೆದು ನೋಡಿ ಪೆಚ್ಚಾದರೆ? ಒಂದು ಸಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡೋಣ ಎಂದುಕೊಂಡು ಎದ್ದು ಬಂದಿದ್ದಳು. ಅಲ್ಲಾಡಿಸಿದಳು. ಏನೂ ಸದ್ದು ಬರಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದಳು. ಆಗಲೇ ಪಟ್ ಎಂದದ್ದು.

ಸೀಳಿದ ಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಅವಳು ಮಲಗಿದಳು. ಬೆಳಗಾಗುವವರೆಗೆ ನಿದ್ದೆ ಹತ್ತಿರ ಸುಳಿಯಲಿಲ್ಲ.

“ನಾನು ಸಾಕ್ಷಿ ಕೇಳಿದ್ದು. ಹರಿದು ನೋಡು ಅಂದಿದ್ನಾ?” ಎಂದಳು ಲಾಯರ್ ಮರುದಿನ.

“ನಿನ್ನಿಂದಾನೇ ಆಗಿದ್ದು.”

“ಉಗುರು ಯಾರದ್ದು?”

ಕಡ್ಡಿಯ ಕಣ್ಣು ತುಂಬಿತು. ಲಾಯರ್‌ಗೆ ಅಷ್ಟು ಸಾಕಾಯಿತು. ವಾದ ಬಿಟ್ಟು ಹತ್ತಿರ ಸರಿದಳು.

“ಅಳಬೇಡ ಕಣೇ. ಪ್ರೆಸ್ಸಿನಲ್ಲಿ ನೋಟ್‌ಬುಕ್ ಕಟ್ಟುಗಳಿಗೆ ಪ್ಲಾಸ್ಟಿಕ್ ಹೊದಿಸ್ತಾರಲ್ಲ, ಬಿಸಿ ಮಷೀನಲ್ಲಿ? ಅಲ್ಲಿ ಕೊಡು. ಹೊಸದರ ಹಾಗೇ ಆಗುತ್ತೆ.”

“ಅಪ್ಪನಿಗೆ ಗೊತ್ತಾಗುತ್ತೆ. ಕೂದಲೆಳೆಯಷ್ಟು ಗೀರಿದ್ರೂ ಅವರಿಗೆ ಕಾಣುತ್ತೆ.”

ಅದು ನಿಜವೇ. ಅಪ್ಪನದು ಕನ್ನಡಕದಂಗಡಿ. ದಿನವಿಡೀ ಗಾಜುಗಳನ್ನು ಬೆಳಕಿಗೆ ಹಿಡಿದು ನೋಡುವುದೇ ಅವರ ಕೆಲಸ. ಮನೆಯ ಡಬ್ಬಿಗಳನ್ನೂ ಅವರು ಹಾಗೇ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಆರು ಡಬ್ಬಿಗಳನ್ನು ತೆಗೆದು, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಒರೆಸಿ, ತೇವ ಹೀರುವ ಪುಟ್ಟ ಸಿಲಿಕಾ ಪೊಟ್ಟಣವೊಂದನ್ನು ಒಳಗಿಡುವರು. ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ಆ ದಿನದ ತಾರೀಕು ಬರೆಯುವರು. ಏಳನೆಯದಕ್ಕೆ ಮಾತ್ರ ಹೊರಗಿನಿಂದಲೇ ಧೂಳು ಒರೆಸುವುದು.

ಶುಕ್ರವಾರ ಸ್ಕೂಲಿನಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮ ಬ್ಯಾಂಕಿನಿಂದ ಬರುವುದು ಆರಕ್ಕೆ. ಕಡ್ಡಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೇಗೂ ಹರಿದಿದೆ, ಒಳಗೆ ಸಿನಿಮಾ ಇದೆಯೋ ಇಲ್ಲವೋ ನೋಡಿಬಿಡಬೇಕು.

ಪ್ಲಾಸ್ಟಿಕ್ಕನ್ನು ಮೆಲ್ಲಗೆ ಸರಿಸಿ ಮುಚ್ಚಳ ಎತ್ತಿದಳು.

ಡಿಸ್ಕು ಇತ್ತು. ಮೆತ್ತನೆಯ ಸ್ಪಂಜಿನೊಳಗೆ ಬಿಗಿಯಾಗಿ ಕೂತಿತ್ತು. ಅದಕ್ಕೇ ಸದ್ದು ಬಂದಿರಲಿಲ್ಲ. ಅವಳು ನಿಟ್ಟುಸಿರು ಬಿಟ್ಟು ಪಕ್ಕದಲ್ಲಿದ್ದ ಚಿತ್ರಗಳ ಪುಸ್ತಕವನ್ನು ಎತ್ತಿದಳು.

ಪುಸ್ತಕದ ಕೆಳಗೆ ಒಂದು ಪುಟ್ಟ ಬಿಳಿ ಪೊಟ್ಟಣವಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದಿತ್ತು. ತಾರೀಕಿನ ಏಳು ಅಂಕಿಗೆ ನಡುವೆ ಅಡ್ಡಗೆರೆ. ಏಳನ್ನು ಹಾಗೆ ಬರೆಯುವುದು ಅಪ್ಪ ಮಾತ್ರ.

ಕಡ್ಡಿ ಪೊಟ್ಟಣವನ್ನು ನೋಡಿದಳು. ಮುಚ್ಚಳ ನೋಡಿದಳು. ಹರಿದ ಪ್ಲಾಸ್ಟಿಕ್ಕು ನೋಡಿದಳು. ಮತ್ತೆ ಪೊಟ್ಟಣ ನೋಡಿದಳು.

ಯಾರೂ ತೆಗೆಯದ ಡಬ್ಬಿಯೊಳಗೆ ಅಪ್ಪನ ಕೈಬರಹ ಹೇಗೆ ಬಂತು?

ಮೊದಲು ಅವಳಿಗೆ ನಗು ಬಂತು. ಅಪ್ಪ ಗುಟ್ಟಾಗಿ ತೆಗೆದಿದ್ದಾರೆ, ಗುಟ್ಟಾಗಿ ಮುಚ್ಚಿ ಹೊಸ ಪ್ಲಾಸ್ಟಿಕ್ಕನ್ನೂ ಹೊದಿಸಿದ್ದಾರೆ, ಆದರೆ ಅಭ್ಯಾಸಬಲದಿಂದ ಪೊಟ್ಟಣ ಇಟ್ಟು ತಾರೀಕನ್ನೂ ಬರೆದುಬಿಟ್ಟಿದ್ದಾರೆ. ಆಮೇಲೆ ಸಿಟ್ಟು ಬಂತು. ಮಾತು ಅಂದ್ರೆ ಮಾತು ಅಂತ ಎಷ್ಟು ಸಲ ಹೇಳಿದ್ದರು! ಹೋದ ತಿಂಗಳು ಆಟ ಮುಗಿಸಿ ಕಾಲು ಗಂಟೆ ತಡವಾಗಿ ಬಂದದ್ದಕ್ಕೆ ಅವಳಿಗೂ ಇದೇ ಮಾತು ಹೇಳಿ ಬೈದಿದ್ದರು.

ಅವಳು ತಾರೀಕನ್ನು ಮತ್ತೊಮ್ಮೆ ಓದಿದಳು. ಹೋದ ವರ್ಷದ್ದು. ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅವತ್ತೇ ಅವಳ ಸೈಕಲ್ಲು ಮೋರಿಗೆ ಬಿದ್ದು ಹಲ್ಲು ಮುರಿದದ್ದು. ರಾತ್ರಿ ಬಾಯಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಾಗ ದೊಡ್ಡಪ್ಪನ ಫೋನು ಬಂದಿತ್ತು. ಈ ಸಲವೂ ರಜೆ ಇಲ್ಲ, ಇನ್ನೊಂದು ವರ್ಷ ಆಗುತ್ತದೆ ಎಂದಿದ್ದರು. “ಆಗಲಿ ಅಣ್ಣ, ಏನು ಮಾಡೋಕಾಗುತ್ತೆ,” ಎಂದಿದ್ದರು ಅಪ್ಪ. ಆಮೇಲೆ ಊಟ ಬೇಡ ಎಂದು ಹೇಳಿ ಹೊರಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಬಾಗಿಲ ಸಂದಿಯಲ್ಲಿ ಟೀವಿಯ ನೀಲಿ ಬೆಳಕು ತುಂಬ ಹೊತ್ತು ಕಾಣಿಸುತ್ತಿತ್ತು.

ಕಡ್ಡಿಯ ಸಿಟ್ಟು ಎಲ್ಲಿಗೋ ಹೋಯಿತು. ಅದರ ಜಾಗಕ್ಕೆ ಬೇರೆ ಹೆದರಿಕೆ ಬಂದು ಕೂತಿತು. ಭಾನುವಾರ ಡಬ್ಬಿ ತೆಗೆದಾಗ ಪೊಟ್ಟಣ ದೊಡ್ಡಪ್ಪನ ಕಣ್ಣಿಗೆ ಬೀಳುತ್ತದೆ. ಪೆನ್ಸಿಲಿನ ತಾರೀಕೂ ಬೀಳುತ್ತದೆ. ಮೂರು ವರ್ಷ ಕಾದು ಬಂದ ದೊಡ್ಡಪ್ಪ ಏನೆಂದುಕೊಳ್ಳುತ್ತಾರೆ?

ಅವಳು ಪೊಟ್ಟಣ ತೆಗೆದು, ಅಂಥವೇ ಹತ್ತಾರು ಹಳೆಯ ಪೊಟ್ಟಣಗಳಿದ್ದ ಅಪ್ಪನ ಡ್ರಾಯರಿನ ತಳಕ್ಕೆ ತಳ್ಳಿದಳು. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಸ್ಕೂಲ್ ಬ್ಯಾಗಿಗೆ ಹಾಕಿಕೊಂಡು ಓಡಿದಳು.

ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಪ್ಯಾಕಿಂಗ್ ಆಂಟಿ ಡೈರಿಗಳನ್ನು ಜೋಡಿಸುತ್ತಿದ್ದರು. ಕಡ್ಡಿ ಡಬ್ಬಿಯನ್ನು ಮುಂದಿಟ್ಟಳು.

ಆಂಟಿ ಡಬ್ಬಿ ನೋಡಿದರು, ಅವಳ ಮುಖ ನೋಡಿದರು. “ಒಳಗೇನಿದೆ, ಹೊರಗೇನಾಯ್ತು, ನಾನು ಕೇಳಲ್ಲ ಪುಟ್ಟ. ಹೊದಿಸೋದಷ್ಟೇ ನನ್ನ ಕೆಲಸ. ಪ್ಲಾಸ್ಟಿಕ್ ಮೇಲಿರೋ ಈ ಬೆಳ್ಳಿ ಸ್ಟಿಕ್ಕರು ಬೇಕಾ?”

“ಬೇಕು ಆಂಟಿ. ಅದರಲ್ಲಿ ಎಡಿಶನ್ನಿನ ನಂಬರಿದೆ.”

ಆಂಟಿ ಬ್ಲೇಡಿನ ತುದಿಯಿಂದ ಸ್ಟಿಕ್ಕರನ್ನು ಎಬ್ಬಿಸಿದರು. ಹಳೆಯ ಪ್ಲಾಸ್ಟಿಕ್ಕು ಬಿಚ್ಚಿ, ಹೊಸದನ್ನು ಸಡಿಲವಾಗಿ ಹಾಕಿ, ಬಿಸಿಗಾಳಿಯ ಮಷೀನಿನೊಳಗೆ ಕಳಿಸಿದರು. ಆ ಬದಿಯಿಂದ ಬರುವಾಗ ಅದು ಡಬ್ಬಿಗೆ ಚರ್ಮದಂತೆ ಅಂಟಿತ್ತು. ಸ್ಟಿಕ್ಕರನ್ನು ಕಡ್ಡಿಯೇ ಅಂಟಿಸಿದಳು. ಅವಸರದಲ್ಲಿ ಅದು ಒಂಚೂರು ವಾಲಿತು. ಎಬ್ಬಿಸಲು ಹೋದರೆ ಹರಿಯುತ್ತಿತ್ತು. ಹಾಗೇ ಬಿಟ್ಟಳು.

ಭಾನುವಾರ ದೊಡ್ಡಪ್ಪ ಬಂದರು. ಫೋನಿನಲ್ಲಿ ಕಾಣುತ್ತಿದ್ದುದಕ್ಕಿಂತ ಕಪ್ಪಗಾಗಿದ್ದರು, ಬಕ್ಕತಲೆಯೂ ಆಗಿತ್ತು. ಅಪ್ಪನನ್ನು ತಬ್ಬಿಕೊಂಡು ಬೆನ್ನಿಗೆ ಗುದ್ದಿದರು.

“ಏನೋ, ಹೊಟ್ಟೆ ಬಂದಿದೆ?”

“ನಿನ್ನ ಕೂದಲು ಹೋದ ಹಾಗೇ ಅಣ್ಣ, ತಾನಾಗೇ,” ಎಂದರು ಅಪ್ಪ.

ದೊಡ್ಡಪ್ಪ ಕಡ್ಡಿಯ ಕಡೆ ತಿರುಗಿದರು. “ಇವಳೇನು ಕಡ್ಡಿ ಅಲ್ಲ, ಈಗ ಕೋಲು ಆಗಿದ್ದಾಳೆ. ಎಲ್ಲಿ, ನಮ್ಮ ಡಬ್ಬಿ ತಗೊಂಡು ಬಾ ಮರಿ.”

ಕಡ್ಡಿ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ತಂದಳು. ಕಪಾಟಿನಿಂದ ಸೋಫಾಕ್ಕೆ ಎಂಟೇ ಹೆಜ್ಜೆ. ಅಂದು ಅದು ಮುಗಿಯುವಂತೆಯೇ ಕಾಣಲಿಲ್ಲ.

ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದರು. “ಸ್ಟಿಕ್ಕರ್ ಸ್ವಲ್ಪ ವಾಲಿದೆ ಅಲ್ವೇನೋ?”

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಕಡ್ಡಿಯ ಕಿವಿ ಬಿಸಿಯಾಯಿತು. ಆದರೆ ಅಷ್ಟರಲ್ಲಿ ಅಪ್ಪನಿಗೆ ಜೋರಾಗಿ ಕೆಮ್ಮು ಬಂತು.

“ಅದು... ಕಂಪನಿಯವರೇ ಹಾಗೆ ಅಂಟಿಸಿದ್ದಾರೆ ಅಣ್ಣ. ಮೊದಲಿಂದ ಹಾಗೇ ಇದೆ.”

ಅಪ್ಪನ ಕಿವಿಯೂ ಕೆಂಪಾಗಿತ್ತು. ಹೋದ ವರ್ಷ ತಾನು ಮತ್ತೆ ಅಂಟಿಸುವಾಗಲೇ ವಾಲಿದ್ದು ಎಂದುಕೊಂಡಿದ್ದಾರೆ ಪಾಪ, ಎನಿಸಿತು ಕಡ್ಡಿಗೆ.

ಅಪ್ಪ ಪ್ಲಾಸ್ಟಿಕ್ಕು ಕತ್ತರಿಸಿದರು. ಮುಚ್ಚಳ ಎತ್ತುತ್ತಿದ್ದಂತೆ ಏನೋ ಥಟ್ಟನೆ ನೆನಪಾದವರಂತೆ ಅವರ ಕೈ ನಿಂತಿತು. ಮುಖದ ಬಣ್ಣವೇ ಹೋಯಿತು. ಒಂದು ಕೈಯಿಂದ ಮುಚ್ಚಳವನ್ನು ಅಣ್ಣನಿಗೆ ಅಡ್ಡ ಹಿಡಿದು, ಇನ್ನೊಂದನ್ನು ಪುಸ್ತಕದ ಕೆಳಗೆ ತೂರಿಸಿದರು. ಬೆರಳುಗಳು ಆ ಮೂಲೆ ಈ ಮೂಲೆ ತಡಕಾಡಿದವು. ಏನೂ ಸಿಗಲಿಲ್ಲ. ಅವರು ಎರಡು ಸಲ ಕಣ್ಣು ಮಿಟುಕಿಸಿದರು. ಆಮೇಲೆ ಅವರ ಭುಜಗಳು ಮೆಲ್ಲಗೆ ಇಳಿದವು.

“ಏನು ಹುಡುಕ್ತಾ ಇದೀಯ?” ಎಂದರು ದೊಡ್ಡಪ್ಪ.

“ಏನಿಲ್ಲ, ಡಿಸ್ಕ್ ಇದೆಯಾ ಅಂತ.”

“ಕಣ್ಣಮುಂದೇ ಇದೆಯಲ್ಲೋ, ಕನ್ನಡಕದವನೇ.”

ಅಮ್ಮ ದೀಪ ಆರಿಸಿದರು. ಸಿನಿಮಾ ಶುರುವಾಯಿತು. ಕಡ್ಡಿ ಸೋಫಾದ ಕೆಳಗೆ ಚಾಪೆಯ ಮೇಲೆ ಕೂತಳು. ಅಡುಗೆಮನೆ ಹಾರಿತು, ಕುಕ್ಕರು ಮಾತಾಡಿತು, ಹಳೆಯ ಜಾಗಗಳಲ್ಲೆಲ್ಲ ಅಪ್ಪ, ದೊಡ್ಡಪ್ಪ ಇಬ್ಬರೂ ಒಟ್ಟಿಗೇ ಡೈಲಾಗು ಹೇಳಿದರು.

“ಹಾಂ, ಇನ್ಮೇಲೆ ಹೊಸದು. ಎಲ್ಲರೂ ಸುಮ್ನಿರಿ,” ಎಂದರು ದೊಡ್ಡಪ್ಪ.

ಆ ಆರು ನಿಮಿಷಗಳು ಬಂದವು. ಕಿಟಕಿಯಾಚೆ ಗ್ರಹಗಳು ತೇಲುತ್ತಿವೆ. ಅಜ್ಜಿ ಸೌಟನ್ನು ಮೈಕಿನಂತೆ ಹಿಡಿದು ಭೂಮಿಗೆ ಕರೆ ಮಾಡುತ್ತಾಳೆ. ಏನೋ ದೊಡ್ಡ ಅಪಾಯದ ಸುದ್ದಿ ಹೇಳುವವಳಂತೆ ಗಂಟಲು ಸರಿಮಾಡಿಕೊಳ್ಳುತ್ತಾಳೆ.

ಕಡ್ಡಿ ಅಪ್ಪನ ಮುಖ ನೋಡಲು ತಿರುಗಿದಳು. ಅಪ್ಪ ನಗು ತಡೆಯಲು ದಿಂಬನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಜ್ಜಿ ಇನ್ನೂ ಬಾಯೇ ತೆರೆದಿರಲಿಲ್ಲ.

ಅಪ್ಪ ಇದನ್ನು ಮೊದಲೇ ನೋಡಿದ್ದು ಅವಳಿಗೆ ಗೊತ್ತಿದ್ದದ್ದೇ. ಅವಳು ದೊಡ್ಡಪ್ಪನ ಕಡೆ ನೋಡಿದಳು.

ದೊಡ್ಡಪ್ಪನ ತುಟಿಗಳು ಆಡುತ್ತಿದ್ದವು. ಸದ್ದಿಲ್ಲದೆ, ಆದರೆ ಸ್ಪಷ್ಟವಾಗಿ. ಬಾಗಿಲಿಗೆ ಚಿಲಕ ಹಾಕಿದ್ದೀನಾ, ಸ್ವಲ್ಪ ನೋಡಿ.

“ಬಾಗಿಲಿಗೆ ಚಿಲಕ ಹಾಕಿದ್ದೀನಾ, ಸ್ವಲ್ಪ ನೋಡಿ,” ಎಂದಳು ಟೀವಿಯ ಅಜ್ಜಿ.

ಇಬ್ಬರೂ ಬಿದ್ದುಬಿದ್ದು ನಕ್ಕರು. ದೊಡ್ಡಪ್ಪ ಕಣ್ಣೊರೆಸಿಕೊಂಡರು. “ಇಂಥದ್ದೊಂದು ಇತ್ತು ಅಂತ ಗೊತ್ತೇ ಇರಲಿಲ್ಲ ನೋಡು.”

“ನನಗೂ ಅಷ್ಟೇ ಅಣ್ಣ. ಈಗಲೇ ನೋಡ್ತಿರೋದು.”

ಕಡ್ಡಿಯ ಬಾಯಿ ಅರ್ಧ ತೆರೆದೇ ಇತ್ತು. ದೊಡ್ಡಪ್ಪನೂ! ಯಾವುದೋ ಬಂದರಿನಲ್ಲಿ ಇಂಥದ್ದೇ ಇನ್ನೊಂದು ಡಬ್ಬಿ ಕೊಂಡಿರಬೇಕು. ಹಡಗಿನ ಕೋಣೆಯಲ್ಲಿ ಒಬ್ಬರೇ ಕೂತು ನೋಡಿರಬೇಕು. ಒಂದು ಸಲವಲ್ಲ, ಮಾತು ಬಾಯಿಗೆ ಬರುವಷ್ಟು ಸಲ. ಸುತ್ತ ನೀರು, ಎಂಜಿನ್ನಿನ ಸದ್ದು, ಪಕ್ಕದಲ್ಲಿ ನಗಲು ಯಾರೂ ಇಲ್ಲ.

“ಏನೇ ಕಡ್ಡಿ, ಸಿನಿಮಾ ಬಿಟ್ಟು ಅವರ ಮುಖ ನೋಡ್ತಾ ಕೂತಿದೀಯ?” ಎಂದರು ಅಮ್ಮ.

ಅಪ್ಪ ಅವಳನ್ನು ನೋಡಿದರು. ದೊಡ್ಡಪ್ಪನೂ ನೋಡಿದರು. ಇಬ್ಬರ ನಗುವೂ ಒಂದು ಕ್ಷಣ ಅಲ್ಲಲ್ಲೇ ನಿಂತಿತು.

ನಾಳೆ ಬೆಂಚಿನಲ್ಲಿ ಕೂರುವುದೇ ತಡ, ಲಾಯರ್ ಕೇಳೇ ಕೇಳುತ್ತಾಳೆ. ಡಬ್ಬಿಯೊಳಗೆ ಸಿನಿಮಾ ಇತ್ತು, ಚೆನ್ನಾಗಿತ್ತು ಎಂದಷ್ಟೇ ಹೇಳಬೇಕು. ಮಿಕ್ಕಿದ್ದು ಅವಳಿಗೂ ಇಲ್ಲ, ಅಮ್ಮನಿಗೂ ಇಲ್ಲ. ಈ ಇಬ್ಬರಿಗಂತೂ ಯಾವತ್ತೂ ಇಲ್ಲ.

“ಏನಿಲ್ಲಮ್ಮ,” ಎಂದಳು ಕಡ್ಡಿ. ಚಾಪೆಯಿಂದ ಎದ್ದು ಸೋಫಾದ ಮೇಲೆ ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು. “ಆ ಅಜ್ಜಿ ಏನಂದ್ರು ಅಂತ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹಾಕು ಅಪ್ಪ.”