ಹದಿನಾಲ್ಕು ಪಾಲಿನ ಕ್ವಿನೈನ್

೧೯೪೩ರ ಡಿಸೆಂಬರ್ ೯, ಗುರುವಾರ. ಬೆಳಿಗ್ಗೆ ಎಂಟೂವರೆಗೆ ಹೊನ್ನಾಳಿ ಠಾಣೆಗೆ ಕಾಂಪೌಂಡರ್ ಜಂಪಣ್ಣ ಏದುಸಿರು ಬಿಡುತ್ತ ಬಂದ. ಸಾಸ್ವೆಹಳ್ಳಿ ಕಡೆಯ ಜಮೀನ್ದಾರ ಚಿಕ್ಕಹನುಮಂತಪ್ಪ ನಡೆಸುತ್ತಿದ್ದ ಧರ್ಮದ ಔಷಧಶಾಲೆ ಅವನ ವಶದಲ್ಲಿತ್ತು.

"ಚಳಿಜ್ವರದ ಕ್ವಿನೈನ್ ಶೀಶೆ ಕಳುವಾಗೈತೆ ಸ್ವಾಮಿ, ನೂರು ಮಾತ್ರೆ. ಸೋಮವಾರ ಇತ್ತು, ಇವತ್ತು ನೋಡಿದ್ರೆ ಇಲ್ಲ. ಈ ಯುದ್ಧದಾಗೆ ಬಂಗಾರನಾದ್ರೂ ಸಿಕ್ಕೀತು."

ದಫೇದಾರ್ ಗಿಡ್ಡಪ್ಪ ಎಫ್‌ಐಆರ್ ಬರೆದ. ಅವನ ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಕಹಿಯಾದ ಕಳವು ಇದೇ ಮೊದಲು.

ಹನ್ನೊಂದಕ್ಕೆ ಔಷಧಶಾಲೆಯಲ್ಲಿ ಪಂಚನಾಮೆ. ಬೀಗ ಭದ್ರವಾಗಿತ್ತು, ಬಾಗಿಲ ಮೇಲೆ ಊರಿನವರಿಗೆ ಮಾತ್ರ ಎಂಬ ಬೋರ್ಡು, ಕಿಟಕಿಯ ಅಂಚಿನಲ್ಲಿ ಗದ್ದೆಯ ಕೆಸರು, ಎರಡೆಳೆ ಭತ್ತದ ಹುಲ್ಲು. ಆ ಸುತ್ತಿನಲ್ಲಿ ಕೊಯ್ಲಿಗಿದ್ದದ್ದು ಒಂದೇ ಗುಂಪು, ಜಗಳೂರಿನ ಹದಿನಾಲ್ಕು ಮಂದಿ. ಅವರ ಮುಂದಾಳು ಕೆಂಪಕ್ಕ.

ಜೊತೆಗೆ ಬಂದಿದ್ದ ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪನವರ ಗಡಸು ದನಿಯನ್ನೇ ಅನುಕರಿಸಿ ಗಿಡ್ಡಪ್ಪ ಗದ್ದೆಯ ಬದುವಿನಿಂದ ಕೂಗಿದ. ಒಂದು ತಲೆಯೂ ಎತ್ತಲಿಲ್ಲ. ಮತ್ತೆ ಕೂಗಿದ. ಕುಡುಗೋಲುಗಳು ಸರಸರ ನಡೆದೇ ಇದ್ದವು.

"ಎಷ್ಟು ಸೊಕ್ಕು ನೋಡ್ರಿ ಸ್ವಾಮಿ."

"ಸೊಕ್ಕಲ್ಲ ಕಣಯ್ಯ," ಎಂದರು ಇನ್ಸ್‌ಪೆಕ್ಟರ್. " ಕ್ವಿನೈನ್ ಹೆಚ್ಚಾದರೆ ಕಿವಿ ಗುಂಯ್ ಅನ್ನುತ್ತೆ. ಹೋದ ವರ್ಷ ನನಗೂ ಎರಡು ದಿನ ನಿನ್ನ ಮಾತು ಕೇಳಿಸಿರಲಿಲ್ಲ. ಸುಖವಾಗಿದ್ದೆ."

ಕೆಂಪಕ್ಕನನ್ನು ಬದುವಿಗೆ ಕರೆತಂದರು. ವಿಚಾರಣೆ ಇಡೀ ಬಯಲಿಗೆ ಕೇಳುವಂತೆ ನಡೆಯಿತು.

"ಜ್ವರ ಯಾರಿಗೆ?"

"ನನ್ನ ಮಗಳು ಚೌಡಕ್ಕಂಗೆ. ಗುಡಿಸಲಾಗೆ ಮಲಗೈತೆ. ಮೈಮ್ಯಾಲೆ ಎಚ್ಚರಿಲ್ಲ."

"ಅವಳೊಬ್ಬಳಿಗೇ ಜ್ವರ. ಎಲ್ಲರೂ ಯಾಕೆ ನುಂಗಿದಿರಿ?"

"ಬಂದಿದ್ದು ಸಮಪಾಲು ಮಾಡ್ತೀವ್ರೀ ಯಪ್ಪಾ. ಕೂಲಿ ಭತ್ತನೂ ಹಂಗೇ, ಇದೂ ಹಂಗೇ. ತಲೆಗೆ ಏಳು. ಮಗಳ ಪಾಲು ನಿನ್ನೆಗೆ ತೀರ್ತು."

"ಏಳು ಹದಿನಾಲ್ಕಲೆ ತೊಂಬತ್ತೆಂಟು. ಇನ್ನೆರಡು?"

"ಉಚ್ಚಂಗೆಮ್ಮನ ಪಾಲು. ಕಲ್ಲಿನ ಮುಂದೆ ಇಟ್ಟೀನಿ."

"ದೇವಿಗೂ ಕಿವಿ ಮಂದವಾದರೆ ನಮ್ಮ ಗತಿಯೇನು," ಎಂದು ಗಿಡ್ಡಪ್ಪ ಗೊಣಗಿದ. ನಗಲು ಆಗಲಿಲ್ಲ; ಬದುವಿನ ಪಕ್ಕದ ಗುಡಿಸಲಿನೊಳಗಿಂದ ಹುಡುಗಿಯ ಹಲ್ಲು ಕಟಕಟಿಸುವುದು ಕೇಳಿಸುತ್ತಿತ್ತು.

"ಉಳಿದದ್ದು ಕೊಡಿ," ಎಂದರು ಇನ್ಸ್‌ಪೆಕ್ಟರ್ ಕೈಸನ್ನೆ ಮಾಡಿ. ಸೆರಗಿನ ಗಂಟು, ರುಮಾಲಿನ ತುದಿ ಒಂದೊಂದಾಗಿ ಬಿಚ್ಚಿಕೊಂಡವು. ನಲವತ್ತೊಂದು ಮಾತ್ರೆ ಸಿಕ್ಕವು.

ಅಷ್ಟರಲ್ಲಿ ಚಿಕ್ಕಹನುಮಂತಪ್ಪ ಗಾಡಿಯಲ್ಲಿ ಬಂದಿಳಿದರು. "ಇವರನ್ನ ಒಯ್ದರೆ ನನ್ನ ಭತ್ತ ಕೊಯ್ಯೋರು ಯಾರ್ರೀ? ಇನ್ನು ನಾಕು ದಿನ ಬಿಟ್ಟರೆ ಕಾಳೆಲ್ಲ ಗದ್ದೇಲೇ ಉದುರ್ತೈತೆ."

"ಔಷಧ ಊರಿನವರಿಗೆ ಮಾತ್ರ ಅಂತ ಬೋರ್ಡು ಬರೆಸಿದವರು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ನಾನೇ ಬರೆಸಿದ್ದು," ಎಂದರು ಜಮೀನ್ದಾರರು.

"ನಿಮ್ಮ ಕಣ ತುಂಬಿಸೋರು ಯಾವ ಊರಿನವರು ಅಂತ ಒಂದು ಚೀಟಿ ಬರೀರಿ. ಆಮೇಲೆ ಜಾಮೀನಿನ ಮಾತು."

ಈ ಊರಿನವರೇ ಎಂದು ಚೀಟಿ ಬರೆದರು. ಜಂಪಣ್ಣ ಚೌಡಕ್ಕನಿಗೆ ಅಳತೆ ಪ್ರಕಾರ ಮಾತ್ರೆ ಕೊಟ್ಟು, ಉಳಿದವರ ಕಿವಿ ಎರಡು ದಿನದಲ್ಲಿ ಸರಿಹೋಗುತ್ತದೆಂದ. ಸಂಜೆ ನಾಲ್ಕಕ್ಕೆ ಕೆಂಪಕ್ಕನ ದಸ್ತಗಿರಿ. ಐದಕ್ಕೆ ಚಿಕ್ಕಹನುಮಂತಪ್ಪನವರ ಜಾಮೀನಿನ ಮೇಲೆ ಬಿಡುಗಡೆ.

ಭಾನುವಾರ ಗಿಡ್ಡಪ್ಪ ಹೋದಾಗ ಚೌಡಕ್ಕ ಗುಡಿಸಲ ಮುಂದೆ ಕೂತು ಗಂಜಿ ಕುಡಿಯುತ್ತಿದ್ದಳು. ಉಪ್ಪು ಸಾಲದೆಂದು ತಾಯಿಯ ಮೇಲೆ ಹರಿಹಾಯುತ್ತಿದ್ದಳು. ಅವನೆದೆಯ ಕಲ್ಲು ಇಳಿಯಿತು.

ಠಾಣೆಗೆ ಮರಳಿ ಕೇಸ್ ಡೈರಿ ತೆರೆದ. ಕೃತ್ಯದ ಕಾರಣ ಎಂಬಲ್ಲಿ ಬರೆದ: "ಆರೋಪಿ ಮೂರು ದಿನ ಔಷಧಶಾಲೆಯ ಕಿಟಕಿಯ ಹೊರಗೆ ನಿಂತು ಕೇಳಿದ್ದಳು. ನಾಲ್ಕನೆಯ ದಿನ ಕೇಳಲಿಲ್ಲ."