ಕೋಣದ ಹಿಂದಿನ ಗೋಣಿ ಸೀಟು

ಬರ್ನಡೆಟ್‌ಳ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ.

ಅದು ಹೆರಿಗೆ ಕೇಂದ್ರದವರು ಕೊಟ್ಟ ಸೈಕಲ್ಲು. ಬ್ರೇಕ್ ಹಾಕಿಸಿ ಕೊಡಿ ಎಂದು ಅವಳು ಮೂರು ಅರ್ಜಿ ಬರೆದಿದ್ದಳು. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ.

೧೯೬೪ರ ನವೆಂಬರಿನ ಒಂದು ಬೆಳಿಗ್ಗೆ ಅವಳು ಕೂಳೂರು ಸೇತುವೆಯ ಮೇಲೆ ಆ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಬಿಳಿ ಸೀರೆ, ಹ್ಯಾಂಡಲಿಗೆ ನೇತುಹಾಕಿದ ಹೆರಿಗೆ ಚೀಲ. ಪಣಂಬೂರಿನ ಕಡಲತೀರದ ಮರಳಲ್ಲಿ, ಹೊಯ್ಗೆಯ ಮೇಲಿನ ಗುಡಿಸಲಲ್ಲಿ ಹಲೀಮಾ ಎಂಬ ಹೆಂಗಸಿಗೆ ಬೆಳಗಿನ ಜಾವದಿಂದ ನೋವು ಶುರುವಾಗಿತ್ತು.

ಆಗ ಎದುರಿನಿಂದ ಅದು ಬಂತು!

ಏನೆಂದು ಅವಳಿಗೆ ಮೊದಲು ತಿಳಿಯಲೇ ಇಲ್ಲ. ಎರಡು ದಪ್ಪ ಚಕ್ರ, ನಡುವೆ ಬರೀ ಕಬ್ಬಿಣದ ಪೈಪು, ಪೈಪುಗಳ ಮಧ್ಯೆ ಬೆತ್ತಲೆ ಎಂಜಿನು. ಮೈ ಮುಚ್ಚಲು ಒಂದು ತಗಡೂ ಇಲ್ಲ. ಕೆಸರಿನಿಂದ ಎದ್ದು ಬಂದ ಪ್ರಾಣಿಯ ಬಣ್ಣ.

ಬರ್ನಡೆಟ್ ಹೆದರಿ ಹ್ಯಾಂಡಲ್ ತಿರುಗಿಸಿದಳು. ಸೈಕಲ್ಲು ಹೋಗಿ ಸೇತುವೆಯ ಗೋಡೆಗೆ ಬಡಿಯಿತು. ಮುಂದಿನ ಚಕ್ರ ಸೊಟ್ಟಗಾಯಿತು. ಎಡಗಾಲಿನ ಚಪ್ಪಲಿ ಹಾರಿ ಹೊಳೆಗೆ ಬಿತ್ತು.

“ಕಣ್ಣು ಕಾಣುವುದಿಲ್ವಾ ನಿಮಗೆ? ಒಂದು ಹಾರ್ನ್ ಹಾಕಲಿಕ್ಕೆ ಎಂತ ಧಾಡಿ?”

ಗಾಡಿಯಿಂದ ಇಳಿದವನು ಎತ್ತರದ ಆಳು. ಅಂಗಿಯ ತುಂಬ ಗ್ರೀಸು. “ಹಾರ್ನ್ ಇಲ್ಲ,” ಅಂದ.

“ಹಾರ್ನ್ ಇಲ್ಲದ ಗಾಡಿ ರಸ್ತೆಗೆ ತರಲಿಕ್ಕೆ ನಾಚಿಕೆ ಆಗುವುದಿಲ್ವಾ?”

“ನಿಮ್ಮದಕ್ಕೆ ಬ್ರೇಕ್ ಉಂಟಾ?”

“ಅದು... ಅದು ಪರಿಶೀಲನೆಯಲ್ಲಿ ಉಂಟು!”

ಅವನು ನಗಲಿಲ್ಲ. ನಕ್ಕಿದ್ದರೆ ಅವಳು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಚದರಿ ಬಿದ್ದ ಕತ್ತರಿ, ಹತ್ತಿ, ಡೆಟ್ಟಾಲ್ ಬಾಟಲಿ ಎಲ್ಲವನ್ನೂ ಹೆಕ್ಕಿ ಚೀಲಕ್ಕೆ ತುಂಬಿದ.

“ಹೆರಿಗೆಗಾ? ಎಲ್ಲಿಗೆ?”

“ಪಣಂಬೂರಿಗೆ. ಇನ್ನು ನಡೆದುಕೊಂಡು ಹೋಗಬೇಕು, ನಿಮ್ಮ ದಯೆಯಿಂದ.”

“ಹತ್ತಿ.”

“ಇದಕ್ಕಾ?”

“ಇದಕ್ಕೇ. ನಾನು ಬಾಸಿಲ್, ಬಂದರಿನ ಕೆಲಸದಲ್ಲಿ ಫಿಟ್ಟರ್. ಯುದ್ಧದ ಕಾಲದಲ್ಲಿ ಸಿಪಾಯಿಗಳಿಗೆ ವಿಮಾನದಿಂದ ಪ್ಯಾರಾಶೂಟ್ ಕಟ್ಟಿ ಇಳಿಸುತ್ತಿದ್ದ ಸ್ಕೂಟರ್ ಇದು. ಹರಾಜಿನಲ್ಲಿ ತಗೊಂಡು ನಾನೇ ರಿಪೇರಿ ಮಾಡಿದ್ದು. ಊರವರು ಕೋಣ ಅಂತಾರೆ. ಹೊಯ್ಗೆಯಲ್ಲಿ ಹೋಗುವ ಗಾಡಿ ಇಡೀ ಮಂಗಳೂರಿನಲ್ಲಿ ಇದೊಂದೇ.”

ಹಿಂದಿನ ಸೀಟು ಎಂದರೆ ಪೈಪಿಗೆ ಸುತ್ತಿ ಕಟ್ಟಿದ ಗೋಣಿಚೀಲ. ಕಾಲಿಡಲು ಆ ಬದಿಗೊಂದು, ಈ ಬದಿಗೊಂದು ಕಬ್ಬಿಣದ ತುಂಡು. ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತರೆ ಮೊದಲ ಗುಂಡಿಯಲ್ಲೇ ಬೀಳುವುದು ಖಂಡಿತ. ಗಂಡಸರ ಹಾಗೆ ಕೂರಬೇಕು.

ಬರ್ನಡೆಟ್ ಸೀರೆ ಎತ್ತಿ ಸಿಕ್ಕಿಸಿ ಕೂತಳು.

“ಮುಂದೆ ನೋಡಿ ಓಡಿಸಿ!”

“ಹಿಂದೆ ನೋಡಿ ಓಡಿಸಿ ನನಗೆ ಅಭ್ಯಾಸ ಇಲ್ಲ.”

ಪಣಂಬೂರಿನಲ್ಲಿ ರಸ್ತೆ ಮುಗಿದು ಹೊಯ್ಗೆ ಶುರುವಾಯಿತು. ಅಲ್ಲಿ ಅವಳ ಸೈಕಲ್ಲು ಯಾವಾಗಲೂ ಹೂತುಹೋಗುತ್ತಿತ್ತು. ಬಂದರಿನ ಜೀಪುಗಳೂ ಹೂತುಹೋಗುತ್ತಿದ್ದವು. ಕೋಣ ಗುರುಗುಟ್ಟಿತು, ಸ್ವಲ್ಪ ಓಲಾಡಿತು... ಆಮೇಲೆ ಹೋಯಿತು!

ಹನ್ನೊಂದು ಗಂಟೆಗೆ ಹಲೀಮಾಳಿಗೆ ಹೆಣ್ಣು ಮಗು ಹುಟ್ಟಿತು.

ಅದಾದ ಮೇಲೆ ಪಣಂಬೂರಿನಲ್ಲಿ ಯಾರಿಗೆ ನೋವು ಬಂದರೂ ಜನ ಮೊದಲು ಓಡುತ್ತಿದ್ದದ್ದು ಬಾಸಿಲನ ಹತ್ತಿರ. ಅವನು ಮೇಸ್ತ್ರಿಗೆ ಹೇಳಿ ಮಣ್ಣಗುಡ್ಡಕ್ಕೆ ಬರುತ್ತಿದ್ದ. ಬರ್ನಡೆಟ್ ತನ್ನ ಅಣ್ಣ ಹ್ಯೂಬರ್ಟನ ಜೊತೆ ಅಲ್ಲೇ, ಹೆರಿಗೆ ಕೇಂದ್ರದ ಬೀದಿಯಲ್ಲೇ ಇದ್ದಳು.

ಐದನೇ ಹೆರಿಗೆಗೆ ಹೋಗುವಾಗ ಅವಳು ಮೊದಲ ಸಲ ಅವನ ಹೆಗಲ ಮೇಲೆ ಕೈ ಇಟ್ಟಳು. “ಗುಂಡಿ ಜಾಸ್ತಿ ಉಂಟಲ್ಲ,” ಅಂದಳು. ಒಂಬತ್ತನೆಯದಕ್ಕೆ ರಸ್ತೆ ಸಪಾಟಾಗಿತ್ತು. ಆದರೂ ಕೈ ಅಲ್ಲೇ ಇತ್ತು...

ಆರು ತಿಂಗಳಲ್ಲಿ ಹದಿನೇಳು ಹೆರಿಗೆ. ಹದಿನೇಳು ಮಕ್ಕಳೂ ಬದುಕಿದವು.

ಮಣ್ಣಗುಡ್ಡದಲ್ಲಿ ಯಾರೂ ಆ ಹದಿನೇಳರ ಬಗ್ಗೆ ಮಾತಾಡಲಿಲ್ಲ.

“ಕಾಲು ಆಚೆ ಒಂದು, ಈಚೆ ಒಂದು ಹಾಕಿ ಕೂರ್ತಾಳೆ ಮಾರಾಯ್ತಿ! ಕಣ್ಣಾರೆ ಕಂಡೆ!” ಎಂದು ನೆರೆಮನೆಯ ಒಲಿಂಡಾಬಾಯಿ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಹೇಳಿದರು. ಅವರ ಎರಡು ಹೆರಿಗೆಯೂ ಆಸ್ಪತ್ರೆಯ ಮಂಚದ ಮೇಲೆ, ಫ್ಯಾನಿನ ಕೆಳಗೆ ಆಗಿದ್ದವು. ಹೊಯ್ಗೆಯ ಮೇಲೆ ಹೆರುವವರ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದ ಮೊದಲ ಭಾನುವಾರ. ಬರ್ನಡೆಟ್ ತಲೆಗೆ ಸೆರಗು ಹೊದ್ದು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಇಗರ್ಜಿಯ ಪಾದ್ರಿ ವಿಗಾರರು ಮದುವೆಯ ಪ್ರಕಟಣೆ ಓದತೊಡಗಿದರು. ಮದುವೆಗೆ ಮೊದಲು ಮೂರು ಭಾನುವಾರ ಹೆಣ್ಣು ಗಂಡಿನ ಹೆಸರು ಎಲ್ಲರೆದುರು ಓದಬೇಕು, ಅದು ಪದ್ಧತಿ. ಅವಳು ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು.

“...ಬಾಸಿಲ್ ಮತ್ತು ಇದೇ ಇಗರ್ಜಿಯ ಬರ್ನಡೆಟ್. ಇದು ಮೊದಲನೇ ಪ್ರಕಟಣೆ. ಈ ಮದುವೆಗೆ ತಡೆ ಇರುವುದು ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು.”

ಇಗರ್ಜಿಯಲ್ಲಿ ಇನ್ನೊಬ್ಬ ಬರ್ನಡೆಟ್ ಇದ್ದಾಳೆಯೇ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಇರಲಿಲ್ಲ.

ಅವಳು ಎದ್ದು ನಿಂತಳು.

“ತಡೆ ಉಂಟು, ಫಾದರ್.”

ಮುನ್ನೂರು ತಲೆಗಳು ತಿರುಗಿದವು. ವಿಗಾರರು ಕನ್ನಡಕ ತೆಗೆದರು. “ಎಂತ ತಡೆ?”

“ಹೆಣ್ಣನ್ನು ಕೇಳಲಿಲ್ಲ.”

ಅಷ್ಟು ಹೇಳಿ ಅವಳು ಹೊರಗೆ ನಡೆದಳು. ಅಂಗಳದಲ್ಲಿ ಬಾಸಿಲ್ ಹಿಂದಿನಿಂದ ಓಡಿ ಬಂದ. ಅವನ ಮುಖ ಬಿಳಿಚಿತ್ತು.

“ಬರ್ನಡೆಟ್, ಒಂದು ಮಾತು...”

“ಹರಾಜಿನಲ್ಲಿ ನಿಮ್ಮ ಕೋಣವನ್ನು ಹೀಗೇ ಕೂಗಿದರಾ? ಅದನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ!”

ಬಾಸಿಲ್ ಬಾಯಿ ತೆರೆದ. ಅವಳ ಹಿಂದೆ ಹ್ಯೂಬರ್ಟ್ ಬಂದು ನಿಂತಿದ್ದ. ಬಾಸಿಲ್ ಅವನನ್ನು ನೋಡಿದ, ಬಾಯಿ ಮುಚ್ಚಿದ.

“ನಾಳೆಯಿಂದ ನಿಮ್ಮ ಗಾಡಿ ನಮ್ಮ ಬೀದಿಗೆ ಬರಬಾರದು,” ಎಂದಳು ಬರ್ನಡೆಟ್.

ಹೊಯ್ಗೆಯ ಮೇಲೆ ಎಲ್ಲಾದರೂ ಗಾಡಿ ನಿಲ್ಲಿಸಿ ಒಂದು ಮಾತು ಕೇಳಿದ್ದರೆ, ಅವನ ಮಾತು ಮುಗಿಯುವ ಮೊದಲೇ ಅವಳು ಹೂಂ ಅನ್ನುತ್ತಿದ್ದಳು. ಮನೆಗೆ ಬಂದು ಅಕ್ಕಿ ತೊಳೆಯುವಾಗ ಅದು ನೆನಪಾಗಿ ಸಿಟ್ಟು ಇಮ್ಮಡಿಯಾಯಿತು. ಅಳು ಬರಲಿಲ್ಲ. ಅಕ್ಕಿಯನ್ನು ಆರು ನೀರಿನಲ್ಲಿ ತೊಳೆದಳು.

ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ, ಒಂದೂವರೆ ಗಂಟೆಗೆ, ಮೊಯ್ದೀನಬ್ಬ ಕೇಂದ್ರದ ಬಾಗಿಲಿಗೆ ಓಡಿ ಬಂದ. ಪಣಂಬೂರಿನಲ್ಲಿ ಬಂದರಿನ ಕೆಲಸಗಾರರಿಗೆ ಚಹಾ ಮಾರುವವನು. ಅವನ ಹೆಂಡತಿ ಸಫಿಯಾಳಿಗೆ ಅದು ಚೊಚ್ಚಲು.

“ಬಾಯಮ್ಮ, ಬೇಗ ಬನ್ನಿ! ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಹನ್ನೊಂದಕ್ಕೆ ಹೊರಟವ ನಾನು!”

“ಬಸ್ಸಾ? ಬಾಸಿಲ್ ಕೆಲಸಕ್ಕೆ ಬರಲಿಲ್ವಾ?”

“ಬಂದಿದ್ದಾರೆ. ಮೊದಲು ಅವರ ಹತ್ರವೇ ಹೋದದ್ದು. ‘ಆ ಬೀದಿಗೆ ನಾನು ಹೋಗುವ ಹಾಗಿಲ್ಲ. ನೀನು ಬಸ್ಸಿನಲ್ಲಿ ಹೋಗಿ ಕರ್ಕೊಂಡು ಬಾ, ನಾನು ಕೂಳೂರಿನಲ್ಲಿ ಗಾಡಿ ಹಿಡಿದು ನಿಲ್ತೇನೆ’ ಅಂದ್ರು.”

ಬರ್ನಡೆಟ್ ಚೀಲ ಎತ್ತಿಕೊಂಡು, ಸಿಕ್ಕಿದ ಬಸ್ಸು ಹತ್ತಿ ಅವನ ಜೊತೆ ಕೂಳೂರಿಗೆ ಹೊರಟಳು.

ಬಾಸಿಲ್ ಸೇತುವೆಯ ಹತ್ತಿರ ನಿಂತಿದ್ದ. ಬಿಸಿಲಿನಲ್ಲಿ ಎರಡೂವರೆ ಗಂಟೆ ಹೊತ್ತು ನಿಂತೇ ಇದ್ದ. ಅವಳು ಹತ್ತಿ ಕೂತಳು. ಕೋಣ ತನ್ನಿಂದ ಆಗುವಷ್ಟು ಜೋರಾಗಿ ಓಡಿತು.

ಗುಡಿಸಲಿನ ಬಾಗಿಲಲ್ಲಿ ಸಫಿಯಾಳ ಅತ್ತೆ ಬೀಫಾತಿಮ್ಮ ನಿಂತಿದ್ದರು. ಓಡಿ ಬರಲಿಲ್ಲ. ಅದನ್ನು ನೋಡಿಯೇ ಬರ್ನಡೆಟ್‌ಗೆ ತಿಳಿಯಿತು.

“ಮಗು ಹುಟ್ಟಿ ಈಗ ಹತ್ತು ನಿಮಿಷ ಆಯ್ತು, ಬಾಯಮ್ಮ. ಉಸಿರಿಲ್ಲ. ಹೊಕ್ಕಳಬಳ್ಳಿ ಕುತ್ತಿಗೆಗೆ ಸುತ್ತಿತ್ತು. ನನಗೆ ಬಿಡಿಸಲಿಕ್ಕೆ ಗೊತ್ತಾಗಲಿಲ್ಲ.”

ಬರ್ನಡೆಟ್‌ಗೆ ಗೊತ್ತಿತ್ತು. ಬೆರಳು ತೂರಿಸಿ, ತಲೆಯ ಮೇಲಿನಿಂದ ಬಳ್ಳಿಯನ್ನು ದಾಟಿಸಬೇಕು. ಅರ್ಧ ನಿಮಿಷದ ಕೆಲಸ. ಹದಿನೇಳರಲ್ಲಿ ಮೂರು ಮಕ್ಕಳಿಗೆ ಅವಳು ಅದನ್ನು ಮಾಡಿದ್ದಳು.

ಮಗುವಿಗೆ ಉಸಿರು ಕೊಡಲು ನೋಡಿದಳು. ಕಾಲು ಗಂಟೆ ನೋಡಿದಳು. ಆಮೇಲೆ ಸಫಿಯಾಳ ರಕ್ತ ನಿಲ್ಲಿಸಿ, ಹೊಲಿಗೆ ಹಾಕಿ, ಕೈ ತೊಳೆದು ಹೊರಗೆ ಬಂದಳು.

ಬಾಸಿಲ್ ಗಾಡಿಯ ಹತ್ತಿರ ನೆಲಕ್ಕೆ ಕೂತಿದ್ದ.

“ನೇರ ಮಣ್ಣಗುಡ್ಡಕ್ಕೆ ಬಂದಿದ್ದರೆ?” ಎಂದಳು.

“ಬರಬಾರದು ಅಂತ ನೀವೇ...”

“ಸಿಟ್ಟಿನಲ್ಲಿ ಹೇಳಿದ ಮಾತನ್ನು ಕಾಯಿದೆ ಮಾಡಿಕೊಂಡಿರಾ? ಸಿಟ್ಟು ನಿಮ್ಮ ಮೇಲೆ ನನಗೆ! ಸಫಿಯಾ ಎಂತ ಮಾಡಿದ್ದಳು?”

“ನಾನು ಬಂದರೆ ಜನ ಮತ್ತೆ ನಿಮ್ಮ ಹೆಸರು ತೆಗೀತಾರೆ ಅಂತ ಹೆದರಿದೆ.”

“ನನ್ನ ಹೆಸರು! ಒಲಿಂಡಾಬಾಯಿ ಕಾಯ್ತಾರೆ, ಅಣ್ಣ ಕಾಯ್ತಾನೆ, ಈಗ ನೀವೂ ಕಾಯ್ತೀರಿ! ನನ್ನ ಹೆಸರಿಗೆ ಎಂತ ಆಗಿದೆ? ಒಳಗೆ ಮಲಗಿಸಿದ ಆ ಮಗುವಿಗೆ ಹೆಸರೇ ಇಲ್ಲ, ಬಾಸಿಲ್!”

ಅವನು ಕೈಗಳಲ್ಲಿ ಮುಖ ಮುಚ್ಚಿಕೊಂಡ. ತಲೆ ಎತ್ತದೆಯೇ ಹೇಳಿದ. “ನೀವು ಒಪ್ಪಿದ್ದೀರಿ ಅಂತ ಹ್ಯೂಬರ್ಟ್ ಹೇಳಿದ್ದು. ನಾಚಿಕೆ, ಬಾಯಿಬಿಟ್ಟು ಹೇಳುವುದಿಲ್ಲ, ಹೆಸರು ಕೊಟ್ಟುಬಿಡುವ ಅಂದರು. ನನಗೆ ಎಷ್ಟು ಖುಷಿ ಆಯ್ತು ಅಂದರೆ... ನಿಮ್ಮನ್ನು ಕೇಳಬೇಕು ಅಂತಲೇ ತೋಚಲಿಲ್ಲ.”

‘ಅಣ್ಣನಾ...’ ಎಂದುಕೊಂಡಳು. ಊರಿನ ಬಾಯಿಗೆ ಹೆದರಿ ಅಣ್ಣ ಸುಳ್ಳು ಹೇಳಿದ್ದ. ಆ ದಿನ ಅಂಗಳದಲ್ಲಿ ಅವಳ ಹಿಂದೆಯೇ ನಿಂತಿದ್ದ!

“ಅದನ್ನು ಹೇಳಲಿಕ್ಕೆ ಒಂದು ತಿಂಗಳು ಬೇಕಾಯ್ತಾ?”

“ಅಣ್ಣ ತಂಗಿ ನಡುವೆ ಬೆಂಕಿ ಹಾಕುವುದು ಬೇಡ ಅಂತ...”

“ನಿಮ್ಮ ಒಳ್ಳೆತನ ಸಾಕು ಮಾರಾಯ್ರೇ! ನನ್ನದೂ ತಪ್ಪು ಉಂಟು. ಅಷ್ಟು ದೊಡ್ಡ ಬಾಯಿ ಮಾಡಿದವಳು, ಆ ತಿಂಗಳು ಹೊಯ್ಗೆ ದಾಟುವುದು ಹೇಗೆ ಅಂತ ಯೋಚಿಸಲೇ ಇಲ್ಲ.”

ಒಳಗೆ ಸಫಿಯಾ ಅಳುವುದು ಕೇಳುತ್ತಿತ್ತು.

“ನನಗೆ ಇದನ್ನು ಓಡಿಸಲಿಕ್ಕೆ ಕಲಿಸಿ,” ಎಂದಳು ಬರ್ನಡೆಟ್. “ಇನ್ನು ಯಾರೂ ಬಂದು ನನ್ನನ್ನು ಕರ್ಕೊಂಡು ಹೋಗುವುದು ಬೇಡ.”

ಆ ಸಂಜೆ ಅವಳು ಅಣ್ಣನಿಗೆ ಅನ್ನ ಬಡಿಸಿ ಎದುರಿಗೆ ಕೂತಳು. “ನಿನ್ನ ಒಂದು ಸುಳ್ಳಿನಿಂದ ಇವತ್ತು ಒಂದು ಮಗು ಹೋಯ್ತು, ಅಣ್ಣ. ಪೂರ್ತಿ ನಿನ್ನ ತಪ್ಪಲ್ಲ. ನಿನ್ನ ಪಾಲು ನಿನಗೆ ಗೊತ್ತಿರಲಿ.” ಹ್ಯೂಬರ್ಟ್ ಊಟ ಬಿಟ್ಟು ಎದ್ದ. ಅವಳು ಕರೆಯಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಅವಳು ಹನ್ನೆರಡು ಸಲ ಬಿದ್ದಳು, ಕಲಿತಳು. ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರು ಗಾಡಿಯನ್ನು ಒಂದು ಸುತ್ತು ಬಂದು ನೋಡಿದರು.

“ಹೆಂಗಸರಿಗೆ ಇದೆಂತದು? ಚಂದದ ಗಾಡಿ ಯಾವುದೂ ಸಿಗಲಿಲ್ವಾ?”

“ಚಂದದ್ದು ಹೊಯ್ಗೆಯಲ್ಲಿ ಹೋಗುವುದಿಲ್ಲ, ಸರ್.”

ಅವರು ಎರಡು ಸಲ ಹೆಚ್ಚಿಗೆ ಓಡಿಸಲು ಹೇಳಿದರು. ಗಂಡಸರಿಗೆ ಹಾಗೆ ಹೇಳಿರಲಿಲ್ಲ. ಅವಳು ಎರಡು ಸಲ ಹೆಚ್ಚಿಗೆ ಓಡಿಸಿ ಸಹಿ ಹಾಕಿಸಿಕೊಂಡಳು.

ಅಲ್ಲಿಂದ ಅವಳೇ ಕೋಣವನ್ನು ಪಣಂಬೂರಿಗೆ ತಂದಳು. ಬಾಸಿಲ್ ಹಿಂದೆ ಕೂತಿದ್ದ. ಹೊಯ್ಗೆಯ ಅಂಚಿನಲ್ಲಿ ಅವನು, “ಬರ್ನಡೆಟ್, ಮೊದಲೇ ಕೇಳಬೇಕಿದ್ದ ಮಾತೊಂದು ಬಾಕಿ ಉಂಟು,” ಅಂದ.

ಅವಳು ಎಂಜಿನ್ ನಿಲ್ಲಿಸಿದಳು.

“ಈಗ ಕೇಳಿ. ಗಟ್ಟಿಯಾಗಿ ಕೇಳಿ. ನನಗೆ ಸರಿಯಾಗಿ ಕೇಳಿಸಬೇಕು.”

ಅವನು ಕೇಳಿದ. ಈ ಸಲ ಅವಳು ಅವನ ಮಾತು ಪೂರ್ತಿ ಮುಗಿಯುವ ತನಕ ಕಾದಳು. ಆಮೇಲೆ ಹೇಳಿದಳು. “ಹೂಂ.”

ಹೆಸರುಗಳನ್ನು ವಿಗಾರರಿಗೆ ಕೊಟ್ಟದ್ದು ಅವಳೇ. ಪ್ರಕಟಣೆ ಮೊದಲನೆಯದರಿಂದ ಮತ್ತೆ ಶುರುವಾಯಿತು. ಮೂರೂ ಭಾನುವಾರ ‘ತಡೆ’ ಎಂಬ ಮಾತು ಬಂದಾಗ ವಿಗಾರರು ಓದುವುದನ್ನು ನಿಲ್ಲಿಸಿ ಹೆಂಗಸರ ಸಾಲಿನತ್ತ ನೋಡಿದರು. ಮೂರೂ ಭಾನುವಾರ ಬರ್ನಡೆಟ್ ಕೂತೇ ಇದ್ದಳು.

ಮೂರನೇ ಭಾನುವಾರ ಪೂಜೆ ಮುಗಿಯುವಾಗ ಮೊಯ್ದೀನಬ್ಬ ಗೇಟಿನಲ್ಲಿ ಕಾಯುತ್ತಿದ್ದ. ಅವನ ಪಕ್ಕದ ಮನೆಯ ರುಖಿಯಾಳಿಗೆ ನೋವು ಶುರುವಾಗಿತ್ತು. ಬರ್ನಡೆಟ್ ಹಬ್ಬದ ಸೀರೆಯನ್ನೇ ಎತ್ತಿ ಸಿಕ್ಕಿಸಿ ಕೋಣದ ಮೇಲೆ ಕೂತಳು. ಕಾಲು ಆಚೆ ಒಂದು, ಈಚೆ ಒಂದು. ಮೆಟ್ಟಿಲ ಮೇಲೆ ಒಲಿಂಡಾಬಾಯಿ ಜಪಸರ ಹಿಡಿದು ನಿಂತಿದ್ದರು.

“ದಾರಿ ಬಿಡಿ ಬಾಯಿ, ಹಾರ್ನ್ ಇಲ್ಲ!” ಎಂದು ಬರ್ನಡೆಟ್ ಕೂಗಿದಳು.

ಬಾಸಿಲ್ ಹೆರಿಗೆ ಚೀಲ ಹಿಡಿದು ಗೋಣಿ ಸೀಟಿನ ಮೇಲೆ ಕೂತ.

“ಗಟ್ಟಿ ಹಿಡ್ಕೊಳ್ಳಿ.”

“ಎಲ್ಲಿ ಹಿಡಿಯುವುದು?”

“ಐದನೇ ಹೆರಿಗೆಗೆ ನಾನು ಎಲ್ಲಿ ಹಿಡಿದಿದ್ದೆ?”

“ಹೆಗಲು. ಗುಂಡಿ ಇದ್ದದ್ದಕ್ಕೆ ಅಂದಿದ್ದಿರಿ.”

“ಸುಳ್ಳು ಹೇಳಿದ್ದು. ಹಿಡ್ಕೊಳ್ಳಿ.”

ಈ ಸಲ ಹೆರಿಗೆಗೆ ಮೊದಲೇ ತಲುಪಿದರು. ರುಖಿಯಾಳ ಮಗು ಬದುಕಿತು.

ಆ ಒಂದು ವರ್ಷದಲ್ಲಿ ಕಳೆದುಹೋದದ್ದು ಇಷ್ಟು: ಒಂದು ಸೈಕಲ್ಲು, ಎಡಗಾಲಿನ ಒಂದು ಚಪ್ಪಲಿ, ಒಂದು ತಿಂಗಳ ಮಾತು, ಸಫಿಯಾಳ ಒಂದು ಗಂಡು ಮಗು.