ನಾಲ್ಕನೆಯ ಹುಡುಗಿ

ಖಾನಾಪುರ ಹತ್ತಿರದ ಹಲಸಿಯಲ್ಲಿ ಬೀರಣ್ಣನ ಮನೆ ಮುಂದೆ ಓಂಕಾರನ ಬೈಕು ಕಂಡದ್ದೇ ತಡ, ಮೇಘಾಳ ಪಿತ್ತ ನೆತ್ತಿಗೇರಿತು. ಬಂದನಪ್ಪಾ ಮಹಾರಾಯ, ನನಗಿಂತ ಮೊದಲೇ ಬಂದು ಕುಂತಿದ್ದಾನೆ!

ಮೇಘಾ ಪೀರನವಾಡಿಯ ಪುಟ್ಟ ಖಾಸಗಿ ಕಾಲೇಜಿನ ದೈಹಿಕ ಶಿಕ್ಷಕಿ. ಓಂಕಾರ ಬೆಳಗಾವಿ ನಗರದ ದೊಡ್ಡ ಕಾಲೇಜಿನವನು. ಕ್ರಾಸ್ ಕಂಟ್ರಿ ಓಟದಲ್ಲಿ ನಾಲ್ವರು ಗುರಿ ಮುಟ್ಟಿದರಷ್ಟೇ ಅದು ಟೀಮು. ಮೇಘಾಳ ಕಾಲೇಜಿಗೆ ಮೈದಾನವಿಲ್ಲ, ಹಾಸ್ಟೆಲ್ ಇಲ್ಲ. ಖಾನಾಪುರ ಕಡೆಯ ಹುಡುಗಿಯರು ಗಂಟೆ ಬಾರಿಸಿದ ಕೂಡಲೇ ಬಸ್ಸಿಗೆ ಓಡಬೇಕು, ಇನ್ನು ಪ್ರಾಕ್ಟೀಸ್ ಎಲ್ಲಿಯದು? ಅಷ್ಟರಲ್ಲೂ ಒಬ್ಬಳು ತಯಾರಾದಳೋ, ದೊಡ್ಡ ಕಾಲೇಜು ಪುಕ್ಕಟೆ ಸೀಟು, ಹಾಸ್ಟೆಲ್ ಎಂದು ಎತ್ತಿಕೊಂಡು ಹೋಗುತ್ತದೆ. ಹೋದ ವರ್ಷ ಬೀರಣ್ಣನ ಮಗಳು ತ್ರಿವೇಣಿ ಹಾಗೇ ಓಂಕಾರನ ಕಾಲೇಜಿಗೆ ಹೋದಳು. ಉಳಿದವರು ಮೂವರೇ.

“ಈ ವರ್ಷನೂ ಟೀಮ್ ಇಲ್ಲಂದ್ರ ಕ್ರಾಸ್ ಕಂಟ್ರಿ ಬಂದ್ ಮಾಡೂಣ್ರಿ. ನಿಮ್ಮ ನೌಕರಿದೂ ವಿಚಾರ ಮಾಡಬೇಕಾಗ್ತದ” ಎಂದಿದ್ದರು ಪ್ರಿನ್ಸಿಪಾಲ್ ಗುರುಪಾದಪ್ಪನವರು. ಅದಕ್ಕೇ ಅಡ್ಮಿಷನ್ ಮುಗಿಯುವ ಮೊದಲು ತ್ರಿವೇಣಿಯನ್ನು ಮರಳಿ ಕೇಳಲು ಮೇಘಾ ಇಲ್ಲಿಗೆ ಬಂದಿದ್ದಳು.

“ಬರ್ರಿ ಟೀಚರ್, ಕುಂದರ್ರಿ, ಚಾ ಮಾಡೀನಿ” ಎಂದಳು ತ್ರಿವೇಣಿಯ ತಾಯಿ ಸಾವಂತ್ರವ್ವ.

“ಚಾ ಇರ್ಲಿ ಅವ್ವಾ.” ಮೇಘಾ ನೇರ ಓಂಕಾರನ ಕಡೆ ತಿರುಗಿದಳು. “ಹೋದ ವರ್ಷ ಒಯ್ದಿದ್ದು ಸಾಲಲಿಲ್ಲೇನ್ರೀ? ಈಗ ಕಾವಲು ಕಾಯಾಕ ಬ್ಯಾರೆ ಬಂದೀರಿ?”

ಓಂಕಾರ ಚಹಾದ ಬಸಿ ಕೆಳಗಿಟ್ಟ. ಸಿಟ್ಟಿಗೆ ಕೆಂಪೇರಿದ ಅವಳ ಮೂಗಿನ ತುದಿಯನ್ನೇ ನೋಡಿದ. “ಮೊದಲ ನೀರು ಕುಡೀರಿ. ಆಮ್ಯಾಲ ಬೈರಿ.”

“ನಗಬ್ಯಾಡ್ರಿ!”

“ನಗಾಕತ್ತಿಲ್ರಿ. ನನ್ನ ಮಾರೀನಽ ಹಂಗ ಐತಿ.”

ಬಾಗಿಲ ಮರೆಯಲ್ಲಿ ನಿಂತಿದ್ದ ತ್ರಿವೇಣಿಗೆ ತಡೆಯಲಾಗಲಿಲ್ಲ. “ಮೇಡಂ, ನನ್ನ ನಿಮ್ಮ ಕಾಲೇಜಿಗೇ ವಾಪಸ್ ಕಳಸ್ರಿ ಅಂತ ಅಪ್ಪಾಗ ಹೇಳಾಕ ಬಂದಾರ್ರೀ ಸರ್!”

ಮೇಘಾ ಎಲ್ಲಿ ನೋಡಬೇಕೆಂದೇ ತಿಳಿಯದೆ ಸೆರಗಿನ ಅಂಚು ಹಿಂಡಿದಳು.

“ನಮ್ಮಲ್ಲಿ ಓಡೋರು ಬೇಕಾದಷ್ಟು ಅದಾರ. ಈಕಿ ವರ್ಷಪೂರ್ತಿ ಬೆಂಚ್ ಮ್ಯಾಲ ಕುಂತಳು, ಒಂದ್ ರೇಸೂ ಸಿಗಲಿಲ್ಲ” ಎಂದ ಓಂಕಾರ. “ಹುಡುಗ್ಯಾರ್ನ ಮುಂಜಾನೆ ಖಾನಾಪುರದಾಗ ಓಡಿಸ್ರಿ, ಆಮ್ಯಾಲ ಕಾಲೇಜಿಗೆ ಬಸ್ ಹತ್ತಲಿ. ಸಂಜಿ ಬಸ್ಸಿನ ಚಿಂತಿ ಇರೂದಿಲ್ಲ.”

“ಮಗಳು ದಿನಾ ಮನಿಗೆ ಬರ್ತಾಳಂದ್ರ ನಮಗೂ ಚಲೋನಽ ಆತು” ಎಂದ ಬೀರಣ್ಣ. ಅಲ್ಲಿಗೆ ಮಾತು ಮುಗಿಯಿತು. ಮೇಘಾಳಿಗೆ ಎದ್ದು ಕುಣಿಯುವಷ್ಟು ಖುಷಿ.

ಓಂಕಾರ ಬೈಕಿನ ಕಡೆ ನಡೆದಾಗ ಅವಳೂ ಹಿಂದೆಯೇ ಹೋದಳು.

“ನಿಮ್ಮ ಪ್ರಿನ್ಸಿಪಾಲ್ರು ಸುಮ್ಮನಿರ್ತಾರೇನ್ರಿ?”

“ಬೈಸ್ಕೊಂತೀನಿ. ಈಗಷ್ಟ ರೂಢಿ ಆಗೇತಲ್ಲ!”

“ಖರೇ ಹೇಳ್ರಿ, ಯಾಕ ಮಾಡಿದ್ರಿ?”

ಅವನ ನಗು ಮಾಸಿತು. ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. “ಹೋದ ವರ್ಷದ ರೇಸ್‌ನಾಗ ನಿಮ್ಮ ಮೂರೂ ಹುಡುಗ್ಯಾರು ಬಂದು ಮುಟ್ಟಿದ್ರು. ಆದ್ರೂ ನೀವು ದಾರಿ ನೋಡ್ಕೋತ ನಿಂತಿದ್ರಿ. ನಾಲ್ಕನೇದಾಕಿ ಇಲ್ಲ ಅಂತ ಗೊತ್ತಿದ್ರೂ ನಿಂತಿದ್ರಿ. ನಮ್ಮವ್ರು ಕಪ್ ಹಿಡ್ಕೊಂಡು ಫೋಟೋ ತೆಗೀತಿದ್ರು, ನಾ ನಿಮ್ಮನ್ನ ನೋಡಾಕತ್ತಿದ್ದೆ. ಅವತ್ತಿಂದ ನೀವಂದ್ರ ನನಗ ಭಾಳ ಜೀವ.”

ಮೇಘಾಳ ಕಣ್ಣು ತುಂಬಿ ಬಂತು. ಆ ದಿನ ತನ್ನನ್ನು ಯಾರೂ ನೋಡಲಿಲ್ಲ ಎಂದೇ ತಿಳಿದಿದ್ದಳು.

“ಉತ್ತರಕ್ಕ ಅವಸರ ಇಲ್ರಿ” ಎಂದ ಅವನು ಮೆಲ್ಲಗೆ. “ನಿಮ್ಮ ಟೀಮ್ ನಮ್ಮನ್ನ ಸೋಲಿಸಿದ ದಿನ ಮನಿಗೆ ಬಂದು ಕೇಳ್ತೀನಿ.”

“ಅಲ್ಲೀತನಕಾ ಯಾಕ ಕಾಯ್ತೀರಿ?” ಮೇಘಾ ಕಣ್ಣೊರೆಸಿಕೊಂಡು ನಕ್ಕಳು. “ನಾಳೆ ಸಂಜಿಮುಂದ ಬರ್ರಿ. ಅಪ್ಪಾ ಮನ್ಯಾಗ ಇರ್ತಾರ.”